ಭಾವನ ಫ್ಲಾಸ್ಕು, ನನ್ನ ಹೃದಯದ ಫೋಟೋ

ಎರಡು ಲೋಟ ಚಹಾ ಕುಡಿದ ತಪ್ಪಿಗೆ ಮೊನ್ನೆ ಮಂಗಳೂರಿನ ಆಸ್ಪತ್ರೆಯವರು ನನ್ನನ್ನು ವಾಪಸ್ ಕಳಿಸಿದರು.

ನಡೆದದ್ದಿಷ್ಟು. ಆಫೀಸಿನ ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತಿತ್ತು. (ನನಗೆ ಸೀನು ಬಂದರೂ ನ್ಯುಮೋನಿಯಾ. ಆದರೆ ಈ ಸಲ ಕುಮಟೆಯ ಡಾಕ್ಟರೇ ನಗಲಿಲ್ಲ.) ಹೃದಯದ ಸ್ನಾಯುವಿಗೆ ರಕ್ತ ಸರಿಯಾಗಿ ಹೋಗುತ್ತಿದೆಯೇ ಎಂದು ಸ್ಕ್ಯಾನ್ ಮಾಡಿಸಲು ಹೇಳಿದರು. ಮೊಣಕಾಲು ನೋವಿನ ನಾನು ಟ್ರೆಡ್‌ಮಿಲ್ ಮೇಲೆ ಓಡಲಾರೆ. ಅದಕ್ಕೆ ಬೇರೆ ಇಂಜೆಕ್ಷನ್ ಇದೆಯಂತೆ. ಓಡಿದಾಗ ಹಿಗ್ಗುವಂತೆ ರಕ್ತನಾಳವನ್ನು ಮಲಗಿದಲ್ಲೇ ಹಿಗ್ಗಿಸುತ್ತದೆ. ಷರತ್ತು ಒಂದೇ: ಹಿಂದಿನ ದಿನದಿಂದ ಚಹಾ, ಕಾಫಿ ಮುಟ್ಟಬಾರದು. ಮುಟ್ಟಿದರೆ ಔಷಧಿ ಕೆಲಸ ಮಾಡುವುದಿಲ್ಲ.

ಚಹಾ ಬಿಡುವುದು ಕಷ್ಟವೇ? ಅಲ್ಲ. ಯಾಕೆ ಬಿಟ್ಟೆ ಎಂದು ಹೇಳುವುದು ಕಷ್ಟ.

ನಮ್ಮ ಕಡೆ ಹುಷಾರಿಲ್ಲ ಎಂದು ಗೊತ್ತಾದರೆ ಜನ 'ನೋಡಿಕೊಂಡು ಹೋಗಲು' ಬರುತ್ತಾರೆ. ಕೈಯಲ್ಲಿ ಬಿಸ್ಕೀಟು ಪ್ಯಾಕೆಟ್ಟು, ಬಾಯಲ್ಲಿ ಇದೇ ಕಾಯಿಲೆಯಲ್ಲಿ ಹೋದವರ ಕಥೆ. ಹಾಗಾಗಿ ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ತಿಳಿಸದೆ, ಅವಳ ಜೊತೆ ಬೆಳಗಿನ ರೈಲು ಹತ್ತಿದೆ.

ಹೊನ್ನಾವರದಲ್ಲಿ ಹತ್ತಿದವನು ಅವಳ ಅಣ್ಣ, ಅಂದರೆ ನನ್ನ ಭಾವ! ಭಟ್ಕಳದಲ್ಲಿ ಮೇಷ್ಟ್ರು. ಬೆಳಿಗ್ಗೆ ಅವನ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಕುಮಟೆ ದಾಟಿ ಸಂತೆಗುಳಿ ಮುಟ್ಟುತ್ತದೆ.

"ಎಂತ ಭಾವಾ, ಸವಾರಿ ಎಲ್ಲಿಗೆ?"

"ಮಂಗಳೂರಿಗೆ. ಕನ್ನಡಕ ಮಾಡಿಸೂಕೆ," ಎಂದೆ.

ಅವನು ಫ್ಲಾಸ್ಕು ತೆರೆದ. ಬೇಡವೆಂದೆ.

"ಚಾ ಬ್ಯಾಡ? ನಿಮಗೆ? ಎಂತ ಆತು ಮಾರಾಯ್ರೆ? ಮೈಯಲ್ಲಿ ಹುಷಾರಿದ್ರಿ ಅಲ್ದಾ?"

ಇಡೀ ಬೋಗಿ ತಿರುಗಿ ನೋಡಿತು. ಕುಡಿದೆ. ಸಂಶಯ ಪೂರ್ತಿ ಹೋಗಲೆಂದು ಇನ್ನೊಂದು ಲೋಟವನ್ನೂ ಕುಡಿದೆ. ಹೆಂಡತಿ ಕಿಟಕಿಯಾಚೆ ನೋಡುತ್ತ ಹಲ್ಲು ಕಡಿಯುತ್ತಿದ್ದಳು.

ಆಸ್ಪತ್ರೆಯಲ್ಲಿ ನರ್ಸ್ ಕೇಳಿದರು, "ಚಾ, ಕಾಫಿ ಏನಾದ್ರೂ ಕುಡಿದಿದ್ದೀರಾ?"

"ಸ್ವಲ್ಪ..."

"ಎರಡು ಲೋಟ," ಎಂದಳು ಹೆಂಡತಿ. "ಮುಂದಿನ ವಾರ ಬನ್ನಿ," ಎಂದರು ನರ್ಸ್.

ಮನೆಗೆ ಬಂದವಳೇ ಅಣ್ಣನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಮಾರನೇ ದಿನದಿಂದಲೇ ಬಿಸ್ಕೀಟು ಬಂತು. ಮಿರ್ಜಾನದವರೊಬ್ಬರು ತಮ್ಮ ಚಿಕ್ಕಪ್ಪ ಊಟದ ಬಾಳೆಯ ಮುಂದೆ ಕೂತಲ್ಲೇ ಹೋದದ್ದನ್ನು ಸಾಂಬಾರು ಬಡಿಸುವ ಹಂತದಿಂದ ವಿವರಿಸಿದರು. ಆ ವಾರವಿಡೀ ಮೆಟ್ಟಿಲು ಕಂಡರೆ ನಾನು ನಿಂತುಬಿಡುತ್ತಿದ್ದೆ.

ಎರಡನೇ ಸಲ ಭಾವನೇ ರಜೆ ಹಾಕಿ ನಮ್ಮಿಬ್ಬರ ಜೊತೆಗೆ ಬಂದ. ರೈಲಿನಲ್ಲಿ ಚಹಾ ಮಾರುವವನು ಬಂದಾಗಲೆಲ್ಲ ಅವನಿಗೂ ನನಗೂ ನಡುವೆ ಎದ್ದು ನಿಂತ.

ಸ್ಕ್ಯಾನ್ ಆಯಿತು. ಡಾಕ್ಟರು ಬಣ್ಣಬಣ್ಣದ ಫೋಟೋ ತೋರಿಸಿದರು. "ವಿಶ್ರಾಂತಿಯಲ್ಲಿ ಎಲ್ಲ ಸರಿ ಇದೆ. ಶ್ರಮ ಬಿದ್ದಾಗ ಮಾತ್ರ ಈ ಮೂಲೆಗೆ ರಕ್ತ ಕಡಿಮೆ."

"ಇದಕ್ಕೆ ಕ್ಯಾಮೆರಾ ಬೇಕಿತ್ತಾ ಡಾಕ್ಟ್ರೇ?" ಎಂದಳು ಹೆಂಡತಿ. "ಕೂತ್ರೆ ಆರಾಮು, ಕೆಲಸ ಹೇಳಿದ್ರೆ ಎದೆನೋವು. ಮದುವೆಯಾದಾಗಿಂದ ಹಂಗೇ."

ಸಣ್ಣ ಭಾಗವಂತೆ, ಸದ್ಯಕ್ಕೆ ಮಾತ್ರೆ ಸಾಕಂತೆ. ಇನ್ನೂ ತಡಮಾಡಿದ್ದರೆ ಜೀವಕ್ಕೇ ಅಪಾಯವಿತ್ತಂತೆ.

ಅಷ್ಟಕ್ಕೂ, ಜನರಿಗೆ ಗೊತ್ತಾಗಬಾರದೆಂದು ನಾನು ಮುಚ್ಚಿಟ್ಟ ಸುದ್ದಿ, ನನ್ನ ವೈಕುಂಠ ಸಮಾರಾಧನೆಯ ಊಟಕ್ಕೆ ಬಂದವರಿಗೆ ಹೇಗೂ ಗೊತ್ತಾಗುತ್ತಿತ್ತಲ್ಲವೇ?