ವಿಮಾನಕ್ಕೆ ಸಿಕ್ಕಿಸಿದ್ದ ತಂತಿ

ನಾನು ಗ್ಯಾಸ್ ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ಮನೆಗೆ ವಾಪಸು ಹೋಗುವ ಪೈಕಿ. ಆದರೆ ನಿಜವಾಗಿ ಹೆದರಬೇಕಾಗಿದ್ದ ದಿನ ಮಾತ್ರ ನೆಮ್ಮದಿಯಾಗಿದ್ದೆ.

ಎಂಬತ್ತರ ದಶಕದ ಶುರು. ಇಬ್ಬರು ಕೂರುವ ಪುಟ್ಟ ವಿಮಾನವೊಂದು ಪೆಟ್ರೋಲು ಸಾಲದೆ, ಹಿರಿಯಡ್ಕ ದಾಟಿದ ಮೇಲೆ ಕಾರ್ಕಳದ ದಾರಿಯಲ್ಲಿ ಸಿಗುವ ಕೆಂಪು ಮುರಕಲ್ಲಿನ ಬಯಲಲ್ಲಿ ಇಳಿಯಿತು. ಅದರ ಮೆಕ್ಯಾನಿಕ್ ನನ್ನ ಹೆಂಡತಿಯ ತಮ್ಮನೇ. ಬಜಪೆಯ ವಿಮಾನ ನಿಲ್ದಾಣದಿಂದ ಜೀಪಿನಲ್ಲಿ ಪೆಟ್ರೋಲಿನ ಡ್ರಮ್ಮು ತಂದ. ಉಡುಪಿಯಿಂದ ನಾನೂ, ಹಿರಿಯಡ್ಕದ ಮನೆಯಿಂದ ಮಾವನೂ ಓಡಿ ಬಂದೆವು. ಬಂದ ಕೂಡಲೇ ನಾನು ಸುತ್ತ ನಿಂತವರ ಬೀಡಿಗಳನ್ನೆಲ್ಲ ಆರಿಸಿ ದೊಡ್ಡ ಸಾಧನೆ ಮಾಡಿದವನಂತೆ ಬೀಗಿದೆ.

ಭಾವಮೈದ ಕಲ್ಲಿನ ಬಿರುಕಿನಲ್ಲಿ ಕಬ್ಬಿಣದ ಸರಳು ಬಡಿದು, ಬುಡಕ್ಕೆ ನೀರು ಹೊಯ್ದ. ಸರಳಿನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ವಿಮಾನಕ್ಕೆ ತಂತಿ ಸಿಕ್ಕಿಸಿದ. ನನಗೆ ಕೈಪಂಪು ಕೊಟ್ಟು, ಪೈಪಿನ ತುದಿ ಹಿಡಿದು ರೆಕ್ಕೆಯ ಮೇಲಿನ ಟ್ಯಾಂಕಿಗೆ ಏಣಿ ಹತ್ತಿದ.

ನಾನು ಪಂಪು ತಿರುಗಿಸುತ್ತಿದ್ದೆ. ಮಾವ ಒಣ ಕೋಲೊಂದನ್ನು ಹಿಡಿದು ಮೆಲ್ಲನೆ ಬಂದವರು ವಿಮಾನದ ಕಡೆಯ ತಂತಿಯನ್ನು ಎತ್ತಿ ಬಿಸಾಡಿದರು. ಮಳೆಗಾಲದಲ್ಲಿ ಕರೆಂಟಿನ ತಂತಿ ಬಿದ್ದರೆ ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ.

"ನೀರು ಬೇರೆ ಹೊಯ್ದಿದ್ದಾನೆ ಮಾರಾಯ್ರೆ! ಹುಡುಗನಿಗೆ ಕರೆಂಟು ಹೊಡೆದರೆ ಎಂತ ಮಾಡುವುದು?"

"ಒಳ್ಳೆಯದಾಯ್ತು ಮಾವ," ಎಂದೆ. ನನಗಿಂತ ಜಾಗ್ರತೆಯ ಮನುಷ್ಯ ಸಿಕ್ಕಿದನಲ್ಲ ಎಂದು ಸಂತೋಷ.

ಮೇಲಿನಿಂದ ಬಂದ ಸ್ವರ ನನ್ನ ಭಾವಮೈದನದು ಎಂದು ನಂಬಲಾಗಲಿಲ್ಲ.

"ಭಾವ, ಪಂಪು ನಿಲ್ಲಿಸಿ. ಯಾರೂ ತಂತಿ ಮುಟ್ಟಬೇಡಿ. ಅಪ್ಪ, ಅಲ್ಲೇ ನಿಲ್ಲಿ."

"ಕರೆಂಟು..."

"ಕರೆಂಟು ತಂತಿಯಲ್ಲಿ ಅಲ್ಲ ಅಪ್ಪ! ಪೈಪಿನಲ್ಲಿ ಪೆಟ್ರೋಲು ಓಡುವಾಗ ಹುಟ್ಟುತ್ತದೆ. ಅದು ನೆಲಕ್ಕೆ ಇಳಿಯಲಿಕ್ಕೇ ಆ ತಂತಿ. ನಾನೀಗ ಪೈಪು ತೆಗೆದರೆ ಕಿಡಿ ಹಾರಬಹುದು."

ಅವನು ಪೈಪಿನ ತುದಿಯನ್ನು ಟ್ಯಾಂಕಿನ ಬಾಯಿಗೆ ಒತ್ತಿ ಹಿಡಿದು, ಕದಲದೆ ನಿಂತ. ಅಪ್ಪ ಕೆಳಗೆ, ಮಗ ಮೇಲೆ, ನಡುವೆ ಪೆಟ್ರೋಲಿನ ವಾಸನೆ. ನನ್ನ ಕೈ ಪಂಪಿನ ಹಿಡಿಗೆ ಅಂಟಿಕೊಂಡಿತ್ತು. ಮಾವ ಕೋಲನ್ನು ಬಿಗಿಯಾಗಿ ಹಿಡಿದು ನಿಂತಲ್ಲೇ ಇದ್ದರು. ದೂರದಲ್ಲೊಬ್ಬ ಕೆಮ್ಮಿದ್ದಕ್ಕೆ ನಾವಿಬ್ಬರೂ ಬೆಚ್ಚಿಬಿದ್ದೆವು.

ಹುಟ್ಟಿದ ಕರೆಂಟು ತಾನಾಗಿ ಇಳಿಯಲೆಂದು ಸಾಕಷ್ಟು ಹೊತ್ತು ಕಾದು, ಅವನು ಪೈಪನ್ನು ನಿಧಾನಕ್ಕೆ ಹೊರಗೆಳೆದ. ಏನೂ ಆಗಲಿಲ್ಲ. ಟ್ಯಾಂಕಿನ ಮುಚ್ಚಳ ಹಾಕಿ ಇಳಿದು ಬಂದು, ಮತ್ತೆ ತಂತಿ ಸಿಕ್ಕಿಸಿದ. ಅಪ್ಪನನ್ನು ಬೈಯಲಿಲ್ಲ. ಬೈದಿದ್ದರೆ ಮಾವನಿಗೆ ಹಗುರಾಗುತ್ತಿತ್ತೋ ಏನೋ.

ಉಳಿದ ಪೆಟ್ರೋಲು ತುಂಬುವವರೆಗೂ ಮಾವ ಆ ತಂತಿಯ ಪಕ್ಕ ಕೋಲು ಹಿಡಿದು ಕಾವಲು ನಿಂತರು. ಒಂದು ದನವನ್ನೂ ಹತ್ತಿರ ಬಿಡಲಿಲ್ಲ. ವಿಮಾನ ಹಾರಿಹೋದ ಮೇಲೆ ಮಗ ಬಂದು, "ಇನ್ನು ಬಿಡಿ ಅಪ್ಪ, ಮುಗಿಯಿತು" ಎಂದು ಅವರ ಬೆರಳುಗಳನ್ನು ಒಂದೊಂದಾಗಿ ಕೋಲಿನಿಂದ ಬಿಡಿಸಬೇಕಾಯಿತು.