ಜಯತ್ತೆಯ ವಸಡು

ಜಯತ್ತೆ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿರಲಿಲ್ಲ. ಊದಿಕೊಂಡ ಕೆಂಪು ವಸಡು ಅವಳ ಮುಂದಿನ ಹಲ್ಲುಗಳನ್ನು ಅರ್ಧಕ್ಕರ್ಧ ಮುಚ್ಚಿತ್ತು. ಫಿಟ್ಸಿಗೆ ನುಂಗುತ್ತಿದ್ದ ಮಾತ್ರೆಯಿಂದ ಹಾಗಾಗಿತ್ತು. ನಮ್ಮೂರು ಪಿರಿಯಾಪಟ್ಟಣದ ಹತ್ತಿರ. ಹೊಗೆಸೊಪ್ಪು ವಿಂಗಡಿಸುವ ಹೆಂಗಸರ ನಡುವೆ ಕೂತು, ನನ್ನಪ್ಪನ ಈ ತಂಗಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಯಾರಾದರೂ ಬಾಯಿಯನ್ನೇ ದಿಟ್ಟಿಸಿದರೆ, “ಹಲ್ಲು ಎಣಿಸ್ತಿದ್ದೀಯಾ? ಎಣಿಸ್ಕೊ, ಇನ್ನೂ ಅಗಲ ತಗೀತೀನಿ” ಎನ್ನುವಳು.

ಒಮ್ಮೆ ಕೆ.ಆರ್. ನಗರದ ಕಡೆಯಿಂದ ಗಂಡಿನವರು ನೋಡಲು ಬರುವುದಿತ್ತು. ವಸಡು ಇಳಿಯಲೆಂದು ಅಜ್ಜಿ ಅವಳ ಮಾತ್ರೆಗಳನ್ನು ಬಚ್ಚಿಟ್ಟಳು, ಜಗಳವಾಡಿದರೂ ಕೊಡಲಿಲ್ಲ. ಒಂದರ ಹಿಂದೊಂದು ಫಿಟ್ಸ್ ಬಂದು, ಎಚ್ಚರವಿಲ್ಲದ ಅತ್ತೆಯನ್ನು ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಕಣ್ಣು ಬಿಟ್ಟ ಮೇಲೆ ಅಜ್ಜಿಗೆ ಹೇಳಿದಳು: “ವಸಡು ಕಂಡು ಓಡೋಗೋನು ಓಗ್ಲಿ ಬುಡು. ನನ್ ಮಾತ್ರೆ ಇನ್ಯಾರೂ ಮುಟ್ಟಂಗಿಲ್ಲ ಕಣವ್ವ.”

ವಸಡಿನಿಂದ ರಕ್ತ, ಕೀವು ಬರತೊಡಗಿದಾಗ ಹುಣಸೂರಿಗೆ ನಾನೇ ಜೊತೆಗೆ ಹೋದೆ. ಮೊದಲು ಕಂಡ ಹಲ್ಲಿನ ಡಾಕ್ಟರು ಫಿಟ್ಸ್ ಎಂಬ ಮಾತು ಕೇಳಿಯೇ ಕೈಮುಗಿದರು. ಎರಡನೆಯವರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅವರೂ ಅನುಮಾನಿಸಿದರು.

“ಕುರ್ಚಿ ಮೇಲೇ ಬಂದ್ಬಿಟ್ರೆ?”

“ಬಂದ್ರೆ ಕೈ ಈಚೆ ತಕ್ಕೊಳಿ, ನನ್ನ ಒಂದ್ ಮಗ್ಗುಲಿಗೆ ಒರಗ್ಸಿ. ಬಾಯಿಗೆ ಏನೂ ತುರುಕಬ್ಯಾಡಿ. ಅದು ಬತ್ತದೆ ಅಂತ ನಾನು ಕೀವು ನುಂಗ್ಕೊಂಡೇ ಇರ್ಬೇಕಾ, ಡಾಕ್ಟ್ರೇ?”

ಅವರು ಮೈಸೂರಿನಲ್ಲಿ ಅತ್ತೆಯನ್ನು ನೋಡುತ್ತಿದ್ದ ಡಾಕ್ಟರಿಗೆ ಫೋನು ಮಾಡಿ ಕೇಳಿಕೊಂಡು, ದಿನ ಗೊತ್ತುಮಾಡಿದರು. ಬೆಳೆದ ವಸಡನ್ನು ಕತ್ತರಿಸುತ್ತಿದ್ದಾಗ ಅರ್ಧದಲ್ಲಿ ಫಿಟ್ಸ್ ಬಂದೇಬಂತು. ಡಾಕ್ಟರು ಕತ್ತರಿ ಪಕ್ಕಕ್ಕಿಟ್ಟು, ಅವಳನ್ನು ಮಗ್ಗುಲಿಗೆ ಹೊರಳಿಸಿ ಹಿಡಿದು ಕಾದರು. ಎಚ್ಚರವಾದ ಅತ್ತೆ ಕೇಳಿದ ಮೊದಲ ಮಾತು: “ಇನ್ನೆಷ್ಟು ಉಳೀತು?”

“ಇವತ್ತಿಗೆ ಸಾಕು, ಮುಂದಿನ ವಾರ ಬನ್ನಿ” ಎಂದರು ಡಾಕ್ಟರು. ಹೋದಳು.

ಆಮೇಲೆ ಊಟವಾದಾಗಲೆಲ್ಲ ಗೋಡೆಗೆ ಒರಗಿ ನೆಲದ ಮೇಲೆ ಕೂತು, ಮೆತ್ತನೆ ಬ್ರಷ್ಷಿನಿಂದ ವಸಡಿನ ಅಂಚನ್ನು ಉಜ್ಜುವಳು. ಫಿಟ್ಸ್ ಬಂದರೂ ಬೀಳಬಾರದಲ್ಲ! ಅಷ್ಟು ಮಾಡಿದರೂ ಕೆಲವು ವರ್ಷಗಳಲ್ಲಿ ವಸಡು ಮತ್ತೆ ಬೆಳೆಯಿತು.

ನಾನು ಅವಳನ್ನು ಕೊನೆಯ ಸಲ ಕಂಡದ್ದು ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ. ಹುಣಸೂರಿನ ಬಸ್ಸಿಗೆ ಕಾಯುತ್ತಿದ್ದಳು. “ಬೆಳೆಯೋದನ್ನ ಯಾಕತ್ತೆ ಮತ್ತೆ ಮತ್ತೆ ಕುಯ್ಸ್ತೀಯ?” ಎಂದೆ.

“ಬೆಳೆಯೋದು ಅದ್ರ ಕೆಲ್ಸ. ಕುಯ್ಸೋದು ನನ್ ಕೆಲ್ಸ ಕಣೆ” ಎಂದವಳೇ ಜನರನ್ನು ನೂಕಿಕೊಂಡು ಬಸ್ಸು ಹತ್ತಿದಳು.

ಆ ಮಳೆಗಾಲದಲ್ಲಿ ನಿದ್ದೆಯಲ್ಲೇ ಫಿಟ್ಸ್ ಬಂದು ಅತ್ತೆ ತೀರಿಕೊಂಡಳು. ಸಾವಿಗೆ ಬಂದವರೊಬ್ಬರು, “ಅಷ್ಟೆಲ್ಲ ಕುಯ್ಸಿ ಏನ್ ಬಂತು?” ಎಂದರು. ಸಾಯುವ ಹಿಂದಿನ ಸಂಜೆ ಅತ್ತೆ ಸುಟ್ಟ ಮುಸುಕಿನ ಜೋಳವನ್ನು ಹಲ್ಲಿನಲ್ಲೇ ಕಚ್ಚಿ, ದಿಂಡು ಬರಿದಾಗುವವರೆಗೂ ತಿಂದಿದ್ದಳಂತೆ. ಅದು ಬಂತು.