ನೋರಾ ಅವರ ಹಿತ್ತಲಿನ ವಾಸನೆ

ನೋರಾ ಅವರೇ, ನಿಮ್ಮ ಹಿತ್ತಲಲ್ಲಿ ವಾಸನೆ ಇತ್ತು. ಅದು ನನ್ನ ಮೂಗಿಗೂ ಬಡಿದಿತ್ತು. ಇಲ್ಲವೆಂದು ಬರೆದವಳು ನಾನು.

ಸ್ಲೈಗೋ ಊರಿನ ಹೊರವಲಯದಲ್ಲಿ, ನಿಮ್ಮ ಬೇಲಿಯಾಚೆಗಿನ ಪೇಂಟ್ ಕಾರ್ಖಾನೆಯಲ್ಲಿ ಪರಿಸರದ ಹೊಣೆ ನನ್ನದಾಗಿತ್ತು. ಕಾರ್ಖಾನೆ ತನ್ನ ಮೇಲೆ ತಾನೇ ಕಣ್ಣಿಡಬೇಕು — ಲೈಸೆನ್ಸಿನ ಷರತ್ತು ಅದು. ನೆರೆಯವರು ದೂರಿದರೆ ನಾನು ಹೋಗಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಸರ್ಕಾರದ ಪರಿಸರ ಇನ್‌ಸ್ಪೆಕ್ಟರ್ ಬಂದಾಗ ಓದುವುದು ಅದನ್ನೇ.

ನೀವು ಮೊದಲ ಸಲ ಫೋನ್ ಮಾಡಿದ ದಿನವೇ ಬಂದೆ. ನೀವು ಒಣಹಾಕಿದ್ದ ಬಟ್ಟೆಗಳ ನಡುವೆ ನಿಂತೆ. ಉಗುರುಬಣ್ಣದ ಸೀಸೆ ಒಡೆದಂಥ ಘಾಟು ಗಂಟಲಿಗಿಳಿಯಿತು.

"ಬರ್ತಾ ಇದೆ ಅಲ್ವಾ?" ಎಂದಿರಿ.

"ಇಲ್ಲ, ನನಗೇನೂ ಗೊತ್ತಾಗ್ತಿಲ್ಲ."

ಇನ್‌ಸ್ಪೆಕ್ಷನ್ ಹತ್ತಿರವಿತ್ತು. ಇದೆಯೆಂದು ಬರೆದರೆ ಕಾರಣ ಹುಡುಕಬೇಕು, ನೆಲದಡಿಯ ಪೈಪುಗಳನ್ನು ನೋಡಲು ಕಾರ್ಖಾನೆಯ ಅಂಗಳ ಅಗೆಸಬೇಕು, ಮೀಟಿಂಗು, ವರದಿ... ಸಾಕಾಗಿತ್ತು, ಅಷ್ಟೆ. ಹೊರದೇಶದಿಂದ ಬಂದವಳು, ಕೆಲಸದ ಪರ್ಮಿಟ್ಟು ಹೋಗುವ ಭಯವಿತ್ತು ಎಂದುಬಿಡಬಹುದು — ಆದರೆ ಅಷ್ಟರಲ್ಲಾಗಲೇ ನನಗೆ ಇಲ್ಲಿನ ಪೌರತ್ವ ಸಿಕ್ಕಿತ್ತು.

ನೀವು ಮತ್ತೆ ಮತ್ತೆ ಫೋನ್ ಮಾಡಿದಿರಿ. ನಾನು ಕುರ್ಚಿಯಿಂದ ಏಳದೆ 'ವಾಸನೆ ಇಲ್ಲ' ಎಂಬ ಅದೇ ಸಾಲು ಬರೆದೆ. ಕೊನೆಗೊಂದು ದಿನ ನಿಮ್ಮ ಮಗಳು ಈಫಾ ಆಫೀಸಿಗೆ ಬಂದಳು.

"ಇಲ್ಲದ ವಾಸನೆ ಅಮ್ಮನಿಗೆ ಬರ್ತಿದ್ರೆ ಡಾಕ್ಟರಿಗೆ ತೋರಿಸ್ಬೇಕು. ನಿಜ ಹೇಳಿ, ಅಲ್ಲಿ ಏನೂ ಇರ್ಲಿಲ್ವಾ?"

ರಿಜಿಸ್ಟರ್ ತೆರೆದು ಅವಳತ್ತ ತಿರುಗಿಸಿದೆ.

ಆಸ್ಪತ್ರೆಯಲ್ಲಿ ನಿಮ್ಮ ನೆನಪಿನ ಪರೀಕ್ಷೆಗಳು ನಡೆದವು. ಏನೂ ಸ್ಪಷ್ಟವಾಗಿ ಸಿಗಲಿಲ್ಲ. ಅನುಮಾನ ಮಾತ್ರ ಉಳಿಯಿತು. ಈಫಾ ನಿಮ್ಮಿಂದ ಕಾರಿನ ಕೀ ತೆಗೆದುಕೊಂಡಳು, ಆಮೇಲೆ ಗ್ಯಾಸ್ ಒಲೆ ತೆಗೆಸಿದಳು. ಆಗ ನೀವು ಫೋನ್ ಮಾಡಿ — ನೀವು, ನನಗೆ — "ವಯಸ್ಸಾಯ್ತು ನೋಡಿ, ಸುಮ್ನೆ ತೊಂದರೆ ಕೊಟ್ಟೆ" ಎಂದು ಕ್ಷಮೆ ಕೇಳಿದಿರಿ.

"ಗ್ರ್ಯಾಂಡ್, ಪರವಾಗಿಲ್ಲ, ಏನೂ ಯೋಚನೆ ಮಾಡ್ಬೇಡಿ" ಎಂದೆ.

ನೀವು ವೃದ್ಧಾಶ್ರಮ ಸೇರಿದ ಮೇಲೆ, ಬೇರೆ ಯಾವುದೋ ಕೆಲಸಕ್ಕೆ ನಿಮ್ಮ ಬೇಲಿಯ ಬದಿ ಅಗೆದಾಗ ಕಾರ್ಖಾನೆಯ ಸೀಳಿದ ಪೈಪು ಸಿಕ್ಕಿತು; ಆ ಘಾಟು ಅದರಿಂದಲೇ ಬರುತ್ತಿತ್ತು. ರಿಪೇರಿಯಾಯಿತು. ಹಿಂದಿನ ದೂರುಗಳ ಪರಿಶೀಲನೆಯಲ್ಲಿ ಏನೂ ಕಂಡುಬಂದಿರಲಿಲ್ಲ ಎಂದು ಆಗಲೂ ನಾನೇ ಬರೆದುಕೊಟ್ಟೆ. ಆಮೇಲೆ ಕೆಲಸ ಬಿಟ್ಟೆ, ವಾಟರ್‌ಫರ್ಡ್‌ಗೆ ಬಂದೆ, ವರ್ಷಗಳು ಕಳೆದವು —

ಕಳೆದ ವಾರ ಇನ್‌ಸ್ಪೆಕ್ಟರಿಗೆ ಎಲ್ಲವನ್ನೂ ಬರೆದು ಕಳಿಸಿದೆ. ನಿನ್ನೆ ಈಫಾಗೆ ಫೋನ್ ಮಾಡಿ ಹೇಳಿದೆ.

"ಅಮ್ಮನಿಗೆ ನೀವೇ ಹೇಳಿ," ಎಂದಳು. "ಅವಳ ಮಾತು ನಾನೂ ನಂಬಲಿಲ್ಲ ಅನ್ನೋದನ್ನ ನಾನು ಹೇಳ್ಕೋತೀನಿ."

ಭಾನುವಾರ ವೃದ್ಧಾಶ್ರಮಕ್ಕೆ ಬರುತ್ತಿದ್ದೇನೆ. ನೀವು ಬಾಗಿಲಲ್ಲೇ ವಾಪಸು ಕಳಿಸಿದರೂ, ಹೇಳಿಯೇ ಹೋಗುತ್ತೇನೆ.